ಹಿತ್ತಾಳೆ ನಳದ ಬಿಳಿ ಪುಡಿ: ಸೋರಿಕೆ ಎಲ್ಲಿಂದ, ರಿಪೇರಿ ಹೇಗೆ

ಬಚ್ಚಲಿನ ಆಂಗಲ್ ಕಾಕಿನ (ಗೋಡೆಗೆ ಕೂರಿಸಿದ ಸಣ್ಣ ಬಂದ್-ಚಾಲು ನಳ) ಬುಡದಲ್ಲಿ ಸುಣ್ಣ ಉದುರಿದಂಥ ಬಿಳಿ ಪುಡಿ ಕಟ್ಟಿರುತ್ತದೆ. ಒರೆಸಿದರೆ ಹೋಗುತ್ತದೆ, ಎರಡು ವಾರಕ್ಕೆ ಮತ್ತೆ ಬರುತ್ತದೆ. ಬೋರಿನ ನೀರು ಸವಳು, ಅದಕ್ಕೇ ಹೀಗೆ ಎಂದುಕೊಂಡು ಸುಮ್ಮನಾಗುತ್ತೇವೆ. ಕೆಲವು ತಿಂಗಳಿಗೆ ಅದೇ ಜಾಗದಿಂದ ಹನಿ ಇಳಿಯಲು ಶುರು. ಪಾನಾ ಹಚ್ಚಿ ಅರ್ಧ ಸುತ್ತು ಬಿಗಿ ಮಾಡಿದರೆ ಸರಿಹೋದೀತು ಎಂದು ತಿರುಗಿಸಿದ ಕ್ಷಣ ‘ಕಟಕ್’ ಎಂದು, ಪೈಪಿಗೂ ಕಾಕಿಗೂ ನಡುವಿನ ಜೋಡು ತುಂಡಾದ ನಿಪ್ಪಲ್ಲು ಗೋಡೆಯೊಳಗೇ ಮುರಿದು, ಕಾಕ್ ಮಾತ್ರ ಕೈಗೆ ಬರುತ್ತದೆ. ಮುರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಹಳದಿ ಇರಬೇಕಾದ ಲೋಹ ಇಟ್ಟಿಗೆ ಚೂರಿನ ಹಾಗೆ ಕೆಂಪಾಗಿರುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಕೆರೆದರೆ ಪುಡಿ ಉದುರುತ್ತದೆ.

ಹಿತ್ತಾಳೆಗೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ ಎಂಬುದು ನಿಜ. ದೇವರ ಮನೆಯ ಹಿತ್ತಾಳೆಗೆ ಹತ್ತುವ ಹಸಿರು ಕಿಲುಬಂತೂ ಮೇಲ್ಮೈಯ ಮಾತು, ಉಜ್ಜಿದರೆ ಕೆಳಗೆ ಗಟ್ಟಿ ಲೋಹವೇ ಇರುತ್ತದೆ. ನಳದ ಬಿಳಿ ಪುಡಿಯ ಕತೆ ಬೇರೆ. ಅಲ್ಲಿ ಹಿತ್ತಾಳೆಯೊಳಗಿನ ಸತು ನೀರಿಗೆ ಇಳಿದುಹೋಗಿ, ತಾಮ್ರದ ಗೂಡು ಮಾತ್ರ ಉಳಿದಿದೆ. ಎರಡನ್ನೂ ಒಂದೇ ಎಂದುಕೊಂಡು ಪಾನಾ ಎತ್ತುವುದರಿಂದಲೇ ಅರ್ಧ ಮನೆಗಳಲ್ಲಿ ಹತ್ತು ನಿಮಿಷದ ಕೆಲಸ ಟೈಲ್ಸ್ ಒಡೆಯುವ ಕೆಲಸವಾಗುತ್ತದೆ.

ಒಳಗೆ ನಡೆಯುವುದೇನು

ಹಿತ್ತಾಳೆ ಎಂದರೆ ತಾಮ್ರಕ್ಕೆ ಸತು ಬೆರೆಸಿದ ಲೋಹ. ಲೇತಿನ ಮೇಲೆ ಸಲೀಸಾಗಿ ಕಡೆಯಲು ಬರುವ ಹಿತ್ತಾಳೆ ಸರಳಿಗೆ ಐಎಸ್ 319 ಎಂಬ ಭಾರತೀಯ ಮಾನಕವಿದೆ. ಅದರ ಮೊದಲ ಬಗೆಯಲ್ಲಿ ತಾಮ್ರ ಶೇ. 56ರಿಂದ 59, ಸೀಸ ಶೇ. 2ರಿಂದ 3.5, ಮಿಕ್ಕದ್ದು ಸತು. ಅಂದರೆ ನೂರು ಗ್ರಾಂ ತೂಗುವ ಕಾಕಿನಲ್ಲಿ ಹತ್ತಿರ ಹತ್ತಿರ ನಲವತ್ತು ಗ್ರಾಂ ಸತುವೇ ಇರುತ್ತದೆ. ಎರಡು ಲೋಹಗಳಲ್ಲಿ ಬೇಗ ಕರಗುವುದು ಸತು. ಕ್ಲೋರೈಡ್ ಹೆಚ್ಚಿರುವ ನೀರು ನಿಂತಲ್ಲೇ ನಿಂತರೆ ಸತು ಮೆಲ್ಲಗೆ ಬಿಟ್ಟುಕೊಡುತ್ತದೆ, ತಾಮ್ರ ಸ್ಪಂಜಿನಂತೆ ತೂತುತೂತಾಗಿ ಉಳಿಯುತ್ತದೆ. ಹೊರಬಂದ ಸತು ಗಾಳಿಯನ್ನೂ ನೀರಿನ ಕಾರ್ಬೊನೇಟನ್ನೂ ಕೂಡಿ ಬಿಳಿ ಪುಡಿಯಾಗುತ್ತದೆ.

ಮೋಸ ಇರುವುದು ಇಲ್ಲೇ. ವಸ್ತುವಿನ ಆಕಾರ ಬದಲಾಗುವುದಿಲ್ಲ. ಥ್ರೆಡ್ಡು ಹಾಗೇ ಕಾಣುತ್ತದೆ, ಕ್ರೋಮ್ ಹೊಳಪು ಹಾಗೇ ಇರುತ್ತದೆ, ಅಳತೆ ಹಿಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಸಿಗುವುದಿಲ್ಲ. ಬಲ ಮಾತ್ರ ಹೋಗಿರುತ್ತದೆ. ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು ಮೆತ್ತಿ ಮರೆತುಬಿಟ್ಟರೆ ಅಲ್ಲಲ್ಲಿ ಗುಲಾಬಿ ಬಣ್ಣದ ಮಚ್ಚೆ ಬೀಳುವುದನ್ನು ನೋಡಿದ್ದೀರಲ್ಲ, ಅಲ್ಲೂ ಹುಳಿಗೆ ಸತು ಹೋಗಿ ತಾಮ್ರ ಮುಖ ತೋರಿಸುತ್ತದೆ. ಕೊಡದಲ್ಲಿ ಅದು ಮೇಲ್ಪದರದ ಕೆಲಸ. ನಳದಲ್ಲಿ ವರ್ಷಗಟ್ಟಲೆ ನಡೆದು ಒಳಗಿನಿಂದ ಹೊರಗಿನವರೆಗೂ ತೂತು ಕೊರೆಯುತ್ತದೆ.

ಇದನ್ನು ಜೋರು ಮಾಡುವ ಕಾರಣಗಳು ನಾಲ್ಕು: ನೀರಿನಲ್ಲಿ ಕ್ಲೋರೈಡ್, ಬಿಸಿ, ನೀರು ನಿಲ್ಲುವುದು, ಕ್ಷಾರೀಯತೆ (ಬೈಕಾರ್ಬೊನೇಟಿನಂಥವುಗಳಿಂದ ನೀರಿಗೆ ಬರುವ, ಆಮ್ಲ ತಡೆಯುವ ಗುಣ) ಸಾಲದಿರುವುದು. ನಮ್ಮ ಕಡೆ ಮೊದಲ ಮೂರಕ್ಕೆ ಕೊರತೆಯಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈ ಹಿಡಿಯಲಾಗದಷ್ಟು ಕಾದಿರುತ್ತದೆ. ಭೀಮಾ, ಬೆಣ್ಣೆತೊರೆಯ ನೀರು ದಿನ ಬಿಟ್ಟು ದಿನ, ಕೆಲವು ಓಣಿಗೆ ಇನ್ನೂ ತಡವಾಗಿ ಬರುತ್ತದೆ. ನಡುವಿನ ದಿನಗಳಲ್ಲಿ ಬೋರು ಚಾಲು. ಹೀಗಾಗಿ ಅದೇ ಪೈಪಿನಲ್ಲಿ ಒಮ್ಮೆ ಸಿಹಿ ನೀರು, ಒಮ್ಮೆ ಸವಳು, ಒಮ್ಮೆ ಬರೀ ಗಾಳಿ.

‘ಗಡಸು ನೀರು ಹಿತ್ತಾಳೆಯನ್ನು ತಿನ್ನುತ್ತದೆ’ ಎಂಬ ಮಾತು ಅರ್ಧ ನಿಜ. ಶಹಾಬಾದ್, ಸೇಡಂ, ಚಿತ್ತಾಪುರದ ಕಡೆ ನೆಲದಡಿ ಸುಣ್ಣಕಲ್ಲು. ನಮ್ಮ ಮನೆಗಳ ಫರಸಿ ಬರುವುದೂ ಅಲ್ಲಿಂದಲೇ. ಸುಣ್ಣಕಲ್ಲಿನಲ್ಲಿ ಇಳಿದ ನೀರಿನ ಬೈಕಾರ್ಬೊನೇಟು ನಳದೊಳಗೆ ತೆಳ್ಳಗೆ ಸುಣ್ಣದ ಲೇಪ ಹಾಕಿ ಹಿತ್ತಾಳೆಯನ್ನು ಒಂದಿಷ್ಟು ಕಾಯುತ್ತದೆ. ಶವರಿನ ತೂತು ಮುಚ್ಚಿ, ಗೀಸರಿನ ಕಾಯಿಲಿಗೆ ಪದರ ಕಟ್ಟಿ ಬೇರೆ ತೊಂದರೆ ಕೊಡುತ್ತದೆ, ಆ ಮಾತು ಬೇರೆ. ಬೀದರಿನ ಜಂಬಿಟ್ಟಿಗೆ ನೆಲದ ನೀರು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ: ಮೆದು, ಲವಣ ಕಡಿಮೆ, ಸ್ವಲ್ಪ ಆಮ್ಲದ ಕಡೆ ವಾಲುವಂಥದ್ದು. ಅದಕ್ಕೆ ರಕ್ಷಣೆಯ ಲೇಪ ಕಟ್ಟುವ ಶಕ್ತಿ ಇಲ್ಲ. ಹಿತ್ತಾಳೆಗೆ ಅತಿ ಕೆಟ್ಟದ್ದು ಕ್ಲೋರೈಡ್ ಹೆಚ್ಚು, ಕ್ಷಾರೀಯತೆ ಕಡಿಮೆ ಇರುವ ನೀರು. ಮನೆಗೆ ಸಾಫ್ಟನರ್ ಕೂರಿಸಿದರೆ ನಳ ಉಳಿಯುತ್ತದೆ ಎಂದುಕೊಳ್ಳುವವರು ಗಮನಿಸಬೇಕು: ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಕ್ಲೋರೈಡಿಗೆ ಕೈ ಹಚ್ಚುವುದಿಲ್ಲ. ಕಾಯುತ್ತಿದ್ದ ಸುಣ್ಣದ ಲೇಪವೂ ಹೋಯಿತು.

ನೀರು ಪರೀಕ್ಷೆಗೆ ಕೊಡುವಾಗ ಟಿಡಿಎಸ್ ಒಂದನ್ನೇ ಕೇಳಬೇಡಿ. ಪೆನ್ನಿನಂಥ ಟಿಡಿಎಸ್ ಮೀಟರು ಒಟ್ಟು ಲವಣ ಹೇಳುತ್ತದೆಯೇ ಹೊರತು ಯಾವ ಲವಣ ಎಂದು ಹೇಳುವುದಿಲ್ಲ. ಕ್ಲೋರೈಡ್, ಒಟ್ಟು ಕ್ಷಾರೀಯತೆ, ಪಿಎಚ್, ಗಡಸುತನ ಈ ನಾಲ್ಕನ್ನೂ ಬರೆಸಿ. ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1000ದ ತನಕ ಒಪ್ಪಬಹುದು. ಅದು ಕುಡಿಯುವವರಿಗಾಗಿ ಹಾಕಿದ ಲೆಕ್ಕ. 250 ದಾಟಿದ ನೀರಿಗೆ ಸಾದಾ ಹಿತ್ತಾಳೆಯನ್ನು ಗೋಡೆಯೊಳಗೆ ಹೂಳುವುದು ಜಾಣತನವಲ್ಲ.

ನವಸಾಗರದ ಎರಡು ಮುಖ

ಬೀದರಿನವರಿಗೆ ಈ ರಸಾಯನ ಹೊಸದಲ್ಲ. ಬಿದರಿ ಕಲೆಯ ಎರಕದಲ್ಲಿ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಬೆಳ್ಳಿ ಕೂರಿಸಿದ ಮೇಲೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದರೆ ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕಲಾಯಿ ಹಾಕುವವರ ಚೀಲದಲ್ಲೂ ಇದೇ ನವಸಾಗರ. ಅದು ಅಮೋನಿಯಂ ಕ್ಲೋರೈಡ್, ಅಂದರೆ ಒಂದೇ ಹರಳಿನಲ್ಲಿ ಅಮೋನಿಯಾ ಮತ್ತು ಕ್ಲೋರೈಡ್ ಎರಡೂ. ಬಿದರಿಗೆ ಬೇಕಾದ ಈ ಎರಡೂ ನಳದ ಹಿತ್ತಾಳೆಗೆ ಬೇಡ. ಕ್ಲೋರೈಡಿನ ಕೆಲಸ ಮೇಲೆ ಹೇಳಿದ್ದಾಯಿತು. ಅಮೋನಿಯಾ ಮಾಡುವುದು ಇನ್ನೊಂದು ಬಗೆಯ ಹಾನಿ, ಬಿರುಕು.

ಬ್ರಿಟಿಷರ ಕಾಲದ ಭಾರತದಲ್ಲಿ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಇಟ್ಟಲ್ಲೇ ಸೀಳುತ್ತಿದ್ದವು. ಕುದುರೆ ಲಾಯದ ಹತ್ತಿರ ಇಟ್ಟವು ಹೆಚ್ಚಾಗಿ ಸೀಳಿದವು. ಮೂತ್ರದಿಂದ ಏಳುವ ಅಮೋನಿಯಾ, ತೇವ, ತಯಾರಿಯಲ್ಲೇ ಲೋಹದೊಳಗೆ ಉಳಿದ ಎಳೆತ ಈ ಮೂರೂ ಕೂಡಿ ಹೀಗಾಗುತ್ತದೆ ಎಂದು 1921ರಲ್ಲಿ ಸಂಶೋಧಕರು ವಿವರಿಸಿದರು. ಇಂಗ್ಲಿಷಿನಲ್ಲಿ ಅದಕ್ಕೆ ‘ಋತುವಿನ ಬಿರುಕು’ ಎಂಬರ್ಥದ ಹೆಸರು ಬಿದ್ದಿದ್ದೇ ನಮ್ಮ ಮಳೆಗಾಲದಿಂದ.

ಬಚ್ಚಲು, ಸಂಡಾಸು ಕೂಡಿರುವ ಇಕ್ಕಟ್ಟಿನ ಕೋಣೆಯಲ್ಲಿ ಈ ಮೂರೂ ಸಿಗುತ್ತವೆ. ಎಳೆತವನ್ನು ನಾವೇ ಪಾನಾ ಹಿಡಿದು ಕೊಡುತ್ತೇವೆ. ಕಮೋಡಿಗೆ ನೀರು ಕೊಡುವ ಕನೆಕ್ಷನ್ ಪೈಪಿನ ಹಿತ್ತಾಳೆ ನಟ್ಟು ಯಾರೂ ಮುಟ್ಟದಿದ್ದರೂ ನಡುರಾತ್ರಿ ಉದ್ದಕ್ಕೆ ಸೀಳಿ ಮನೆ ತುಂಬ ನೀರಾಗುವುದು ಹೀಗೇ. ಆ ನಟ್ಟಿನೊಳಗೆ ರಬ್ಬರ್ ವಾಸರ್ ಇರುತ್ತದೆ, ನೀರು ತಡೆಯುವುದು ಅದು. ಕೈಯಿಂದ ಪೂರ್ತಿ ಬಿಗಿ ಮಾಡಿ, ಪಾನಾದಿಂದ ಕಾಲು ಸುತ್ತು ಕೊಟ್ಟರೆ ಮುಗಿಯಿತು. ಆಮೇಲೂ ಹನಿ ಬಂದರೆ ವಾಸರ್ ಸೊಟ್ಟಗೆ ಕೂತಿದೆ ಅಥವಾ ಗಟ್ಟಿಯಾಗಿದೆ. ಬಿಚ್ಚಿ ಬದಲಿಸಿ, ಇನ್ನೂ ಬಿಗಿ ಮಾಡಬೇಡಿ. ಆ ಜಾಗಕ್ಕೆ ಟೆಫ್ಲಾನ್ ಟೇಪೂ ಬೇಕಿಲ್ಲ.

ಟೈಲ್ಸಿನ ಬಿಳಿ ಕಲೆಗೆ ಆಸಿಡ್ ಸುರಿಯುವ ಅಭ್ಯಾಸವಂತೂ ನಳಕ್ಕೆ ವಿಷ. ಅಂಗಡಿಯಲ್ಲಿ ಸಿಗುವ ಬಚ್ಚಲು ಆಸಿಡ್ಡಿನಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ತಾಕಬೇಕೆಂದೇನಿಲ್ಲ, ಅದರ ಹೊಗೆಯೇ ಕ್ರೋಮನ್ನು ಎಬ್ಬಿಸಿ, ಕೆಳಗಿನ ಹಿತ್ತಾಳೆಯನ್ನೂ ಕನೆಕ್ಷನ್ ಪೈಪಿನ ಸ್ಟೀಲ್ ಹೆಣಿಗೆಯನ್ನೂ ಕೆಡಿಸುತ್ತದೆ. ನಳದ ಮೇಲಿನ ಸುಣ್ಣಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲದ ಹರಳು) ಸಾಕು. ಒಂದು ಲೋಟ ಬೆಚ್ಚನೆ ನೀರಿಗೆ ಒಂದು ಚಮಚ ಹಾಕಿ ಬಟ್ಟೆ ಅದ್ದಿ ಸುತ್ತಿ, ಹದಿನೈದು ನಿಮಿಷಕ್ಕೆ ತೆಗೆದು, ಚೆನ್ನಾಗಿ ತೊಳೆಯಿರಿ. ರಾತ್ರಿಯಿಡೀ ಬಿಟ್ಟರೆ ಹುಣಸೆಹಣ್ಣಿನ ಕತೆಯೇ.

ಸೋರಿಕೆ ಎಲ್ಲಿದೆ ಎಂದು ಹಿಡಿಯುವುದು

ಸೆಕೆಂಡಿಗೆ ಒಂದು ಹನಿ ಸಣ್ಣದೆನಿಸುತ್ತದೆ. ನಳದ ಹನಿಯನ್ನು ಕಾಲು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 21 ಲೀಟರಿಗೂ ಹೆಚ್ಚು. ಐದು ದಿನಕ್ಕೊಮ್ಮೆ ನಳ ಬರುವ ಮನೆಯಲ್ಲಿ ಸಾವಿರ ಲೀಟರ್ ಟ್ಯಾಂಕಿನ ಹತ್ತನೇ ಒಂದು ಪಾಲು ಹೀಗೇ ಹೋಯಿತು.

ಕಣ್ಣಿಗೆ ಕಾಣುವ ಸೋರಿಕೆ ಇಲ್ಲದೆ ಟ್ಯಾಂಕು ಇಳಿಯುತ್ತಿದ್ದರೆ ರಾತ್ರಿ ಮಲಗುವಾಗ ಎಲ್ಲ ನಳ ಬಂದ್ ಮಾಡಿ, ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಬೆಳಿಗ್ಗೆ ಗೆರೆಗಿಂತ ಇಳಿದಿದ್ದರೆ ಮರುರಾತ್ರಿ ಟ್ಯಾಂಕಿನ ಕೆಳಗಿನ ವಾಲ್ವನ್ನೂ ಬಂದ್ ಮಾಡಿ ಮತ್ತೆ ನೋಡಿ. ಈಗ ಇಳಿಯದಿದ್ದರೆ ಸೋರಿಕೆ ಮನೆಯ ಪೈಪಿನಲ್ಲಿದೆ. ಇಳಿದರೆ ಟ್ಯಾಂಕ್ ನಿಪ್ಪಲ್ಲಿನಲ್ಲಿ, ಆ ವಾಲ್ವಿನಲ್ಲೇ, ಇಲ್ಲವೇ ಟ್ಯಾಂಕಿನಲ್ಲೇ. ಕಮೋಡಿನ ಸಿಸ್ಟರ್ನಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಬಿಟ್ಟು ನೋಡುವುದನ್ನು ಮರೆಯಬೇಡಿ. ಬಣ್ಣ ಕೆಳಗಿಳಿದಿದ್ದರೆ ಗೋಡೆ ಒಡೆಯುವ ಮಾತೇ ಬೇಡ.

ಕಾಣುವ ಸೋರಿಕೆಯಲ್ಲೂ ನೀರು ಬೀಳುವ ಜಾಗ ಒಂದು, ಹೊರಡುವ ಜಾಗ ಇನ್ನೊಂದು. ಫಿಟ್ಟಿಂಗನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಒಂದೊಂದು ಜೋಡಣೆಗೂ ಪತ್ರಿಕೆ ಕಾಗದದ ಪಟ್ಟಿ ಸುತ್ತಿ. ಮೊದಲು ಒದ್ದೆಯಾಗುವ ಪಟ್ಟಿಯೇ ಮೂಲ. ಒದ್ದೆ ಜೋಡಣೆಯಲ್ಲಿ ಇದ್ದರೆ ಟೇಪು ಅಥವಾ ವಾಸರಿನ ದೋಷ, ರಿಪೇರಿ ಸುಲಭ. ಜೋಡಣೆಯಿಂದ ದೂರ, ಫಿಟ್ಟಿಂಗಿನ ಬರಿ ಮೈಮೇಲೆ ಒದ್ದೆಯಿದ್ದರೆ ಲೋಹವೇ ತೂತು. ಅದನ್ನು ಬದಲಿಸದೆ ಗತಿಯಿಲ್ಲ.

ಬಿಳಿ ಕಟ್ಟು ಸುಣ್ಣವೋ ಸತುವೋ ಎಂದು ತಿಳಿಯಲು ನಿಂಬೆರಸ ಹಾಕಿ ನೊರೆ ಬರುತ್ತದೆಯೇ ನೋಡುವವರಿದ್ದಾರೆ. ಎರಡರಲ್ಲೂ ಕಾರ್ಬೊನೇಟ್ ಇರುವುದರಿಂದ ಎರಡೂ ನೊರೆ ಕೊಡಬಹುದು, ಆ ಪರೀಕ್ಷೆ ನಂಬುವಂಥದ್ದಲ್ಲ. ಸಣ್ಣ ಅರ ತಗೊಂಡು ಕಾಣದ ಬದಿಯಲ್ಲಿ ನಾಲ್ಕು ಸಲ ಉಜ್ಜಿ. ಕ್ರೋಮಿನ ಕೆಳಗೆ ಹಳದಿ ಹೊಳೆದರೆ ಅಲ್ಲಿ ಹೊರಮೈ ಗಟ್ಟಿ, ಒಳಗಿನಿಂದ ಕೆಟ್ಟಿರಲೂಬಹುದು. ಕೆಂಪು ಅಥವಾ ನಸುಗೆಂಪು ಮಚ್ಚೆ ಕಂಡರೆ ಸತು ಹೋಗಿದೆ, ಅದಕ್ಕೆ ಪಾನಾ ಹಚ್ಚುವ ಮುನ್ನ ಬದಲಿ ಸಾಮಾನು ಕೈಯಲ್ಲಿರಲಿ.

ಹೊಸದಾಗಿ ಪ್ರೆಶರ್ ಪಂಪ್ ಕೂರಿಸಿದ ವಾರವೇ ಮೂರು ಕಡೆ ಸೋರಿದರೆ ಪಂಪನ್ನು ಬೈಯಬೇಡಿ. ಹತ್ತು ಮೀಟರ್ ನೀರಿನ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ಒಂದಂತಸ್ತಿನ ಮಾಳಿಗೆ ಟ್ಯಾಂಕಿನಿಂದ ಕೆಳಗಿನ ನಳಕ್ಕೆ ಅರ್ಧ ಬಾರ್ ಸಿಕ್ಕರೆ ಹೆಚ್ಚು. ಪಂಪು ಆ ಒತ್ತಡವನ್ನು ಎರಡು ಬಾರ್‌ಗೆ ಏರಿಸಿತು, ಟೊಳ್ಳಾಗಿದ್ದ ಹಿತ್ತಾಳೆ ಬಾಯಿ ಬಿಟ್ಟಿತು.

ಬೇಗ ಮುಗಿಯುವ ಕೆಲಸಗಳು

ಬಂದ್ ಮಾಡಿದರೂ ಬಾಯಿಂದ ಹನಿ ಇಳಿಯುವ ಹಳೆಯ ತಿರುಪಿನ ನಳಕ್ಕೆ ವಾಸರ್ ಬದಲಿಸಿ. ಹೊಸ ವಾಸರ್ ಹಾಕಿದ ಮೇಲೂ ಇಳಿದರೆ ಅದು ಕೂರುವ ಹಿತ್ತಾಳೆ ಅಂಚು ತಿಂದುಹೋಗಿದೆ. ಬೆರಳು ಆಡಿಸಿದರೆ ಗೀರು ಸಿಗುತ್ತದೆ. ಸೀಟ್ ಕಟರ್ ಇರುವ ಪ್ಲಂಬರ್ ಎರಡು ನಿಮಿಷದಲ್ಲಿ ಸಮ ಮಾಡಿಕೊಡುತ್ತಾರೆ. ಅರ್ಧ ತಿರುವಿನ ನಳವಾದರೆ ಸೆರಾಮಿಕ್ ಕಾರ್ಟ್ರಿಜ್ ಪೂರ್ತಿ ಬದಲಿಸಬೇಕು, ಹಳೆಯದನ್ನು ಅಂಗಡಿಗೆ ಒಯ್ದು ಹಲ್ಲು ಎಣಿಸಿ ಹೊಂದಿಸಿ ತನ್ನಿ. ಹಿಡಿಯ ಬುಡದಲ್ಲಿ ನೀರು ಬಂದರೆ ಅಲ್ಲಿನ ಗ್ಲ್ಯಾಂಡ್ ನಟ್ಟನ್ನು ಎಂಟನೇ ಒಂದು ಸುತ್ತು ಬಿಗಿ ಮಾಡಿ, ಅಷ್ಟೇ.

ಮೈತೂತಿನ ಫಿಟ್ಟಿಂಗಿಗೆ ಅಂಗಡಿ ತೆರೆಯುವ ತನಕ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಸುತ್ತಿ, ಮೇಲೆ ಹೋಸ್ ಕ್ಲಿಪ್ ಬಿಗಿದರೆ ಸಾಕು. ಎಂ-ಸೀಲ್ ಹಚ್ಚುವುದಾದರೆ ನೀರು ಬಂದ್ ಮಾಡಿ, ಮರಳು ಕಾಗದದಿಂದ ಉಜ್ಜಿ, ಪೂರ್ತಿ ಒಣಗಿಸಿ, ಎರಡೂ ಉಂಡೆ ಸಮ ಪಾಲು ಕಲಸಿ ಬಣ್ಣ ಒಂದಾದ ಮೇಲೆ ಒತ್ತಿ. ರಾತ್ರಿಯಿಡೀ ಬಿಡಿ. ಹನಿಯುತ್ತಿರುವ ಜಾಗಕ್ಕೆ ಮೆತ್ತಿದರೆ ಅದು ನೀರಿನ ಮೇಲೆ ಕೂತಿರುತ್ತದೆ, ಲೋಹದ ಮೇಲಲ್ಲ. ಸತು ಹೋದ ಹಿತ್ತಾಳೆಗೆ ಬೆಸುಗೆ ಹಾಕಿಸಲು ಹೋಗಬೇಡಿ, ಹಿಡಿಯಲು ಅಲ್ಲಿ ಗಟ್ಟಿ ಲೋಹವೇ ಇಲ್ಲ.

ಗೇಟ್ ವಾಲ್ವಿನದೊಂದು ವಿಶೇಷ ಕಾಟ. ಹೊರಗೆ ಹಿಡಿ ಸುತ್ತುತ್ತದೆ, ನೀರು ಮಾತ್ರ ಬಂದ್ ಆಗುವುದಿಲ್ಲ, ಇಲ್ಲವೇ ಚಾಲು ಆಗುವುದಿಲ್ಲ. ಒಳಗಿನ ಹಿತ್ತಾಳೆ ಸ್ಪಿಂಡಲ್ ಸತು ಕಳೆದುಕೊಂಡು ಮುರಿದು, ಗೇಟು ಇದ್ದಲ್ಲೇ ಕೂತಿರುತ್ತದೆ. ಬದಲಿಸುವಾಗ ಬಾಲ್ ವಾಲ್ವ್ ಹಾಕಿ, ತಿಂಗಳಿಗೊಮ್ಮೆ ಪೂರ್ತಿ ಬಂದ್ ಮಾಡಿ ಚಾಲು ಮಾಡಿ. ಸುಣ್ಣದ ನೀರಿನಲ್ಲಿ ವರ್ಷಗಟ್ಟಲೆ ಮುಟ್ಟದ ಬಾಲು ಬೇಕಾದ ದಿನ ತಿರುಗುವುದಿಲ್ಲ.

ಹಳೆ ಮನೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಹಿತ್ತಾಳೆ ಕಾಕ್ ಹಾಕಿದಲ್ಲಿ ಲೆಕ್ಕ ತಿರುವುಮುರುವು. ಎರಡು ಬೇರೆ ಲೋಹ ನೀರಿನಲ್ಲಿ ಕೂಡಿದರೆ ಒಂದು ಇನ್ನೊಂದನ್ನು ತಿನ್ನಿಸುತ್ತದೆ, ಇಲ್ಲಿ ಬಲಿಯಾಗುವುದು ಜಿಐ. ಕಾಕ್ ಚೆನ್ನಾಗಿರುತ್ತದೆ, ಅದರ ಪಕ್ಕದ ಜಿಐ ಥ್ರೆಡ್ಡು ಕೆಂಪು ಮಣ್ಣಾಗಿರುತ್ತದೆ. ಗೀಸರಿನ ಉಕ್ಕಿನ ಬಾಯಿಗೆ ನೇರ ಹಿತ್ತಾಳೆ ತಿರುಗಿಸಿದರೂ ಇದೇ ಪಾಡು. ನಡುವೆ ಪ್ಲಾಸ್ಟಿಕ್ ಒಳಪದರ ಇರುವ ನಿಪ್ಪಲ್ ಹಾಕುವುದು ಕ್ಷೇಮ.

ಅಂಗಡಿಯ ಕಟ್ಟೆಯಲ್ಲಿ

ನಮ್ಮ ಕಡೆ ಅತಿ ಹೆಚ್ಚು ಕೈಕೊಡುವ ಒಂದೇ ಸಾಮಾನು ಹೇಳಿ ಎಂದರೆ ಅದು ಎಕ್ಸ್‌ಟೆನ್ಷನ್ ನಿಪ್ಪಲ್. ಟೈಲ್ಸ್ ಹಚ್ಚಿದ ಮೇಲೆ ಪೈಪಿನ ಬಾಯಿ ಗೋಡೆಯೊಳಗೆ ಹೋಗಿಬಿಡುತ್ತದಲ್ಲ, ಅದನ್ನು ಹೊರಗೆ ತರುವ ಒಂದು, ಒಂದೂವರೆ, ಎರಡು ಇಂಚಿನ ತುಂಡು. ಸಾವಿರಗಟ್ಟಲೆ ಬೆಲೆಯ ಮಿಕ್ಸರ್ ತರುವವರೂ ಅದನ್ನು ಹಿಡಿದು ನಿಲ್ಲಿಸುವ ಈ ತುಂಡನ್ನು ಅಗ್ಗದಲ್ಲಿ ಅಗ್ಗದ್ದು ತರುತ್ತಾರೆ. ಗುಜರಿ ಹಿತ್ತಾಳೆ ಕರಗಿಸಿ ತೆಳ್ಳಗೆ ಎರೆದು ಕ್ರೋಮ್ ಹೊದಿಸಿದರೆ ನೋಡಲು ಎಲ್ಲ ಒಂದೇ. ಕಟ್ಟೆಯ ಮೇಲೆ ಎರಡು ಬೆಲೆಯವನ್ನು ಇಟ್ಟು ಕೈಯಲ್ಲಿ ತೂಗಿ ನೋಡಿ. ‘ಸಾದಾ ಕೊಡ್ಲೇನ್ರಿ ಅಣ್ಣಾ?’ ಎಂದು ಅಂಗಡಿಯವರು ಕೇಳಿದರೆ, ‘ಬ್ಯಾಡ್ರಿ, ವಜನ್ ಇರೋದು ಕೊಡ್ರಿ’ ಎನ್ನಿ. ಒಳಗಿನ ತೂತು ನೋಡಿ: ಗೋಡೆಯ ದಪ್ಪ ಸುತ್ತಲೂ ಸಮ ಇರಬೇಕು, ಎರಕದ ಗುಳ್ಳೆ ಇರಬಾರದು. ಒಂದಕ್ಕೊಂದು ಎರಡು ನಿಪ್ಪಲ್ ಸೇರಿಸಿ ಉದ್ದ ಮಾಡಬೇಡಿ, ಬೇಕಾದ ಉದ್ದದ್ದು ಒಂದೇ ತನ್ನಿ.

ಗೋಡೆಯೊಳಗೆ ಹೋಗುವುದಕ್ಕೆ ಗನ್ ಮೆಟಲ್ ಉತ್ತಮ. ಐಎಸ್ 318ರ ಎಲ್‌ಟಿಬಿ-2 ದರ್ಜೆಯಲ್ಲಿ ತಾಮ್ರ ಸುಮಾರು ಶೇ. 85, ತವರ, ಸೀಸ, ಸತು ತಲಾ ಶೇ. 5ರ ಆಸುಪಾಸು. ಸತು ಶೇ. 15ರ ಕೆಳಗಿರುವ ಮಿಶ್ರಲೋಹದಿಂದ ಸತು ಸೋರುವ ಭಯ ಬಹಳ ಕಡಿಮೆ. ಇನ್ನೊಂದು ದಾರಿ ಡಿ.ಝೆಡ್.ಆರ್. ಎಂದು ಗುರುತು ಹಾಕಿದ ಹಿತ್ತಾಳೆ. ಅದಕ್ಕೆ ತೀರ ಸ್ವಲ್ಪ ಆರ್ಸೆನಿಕ್ ಬೆರೆಸಿ ಸತು ಬಿಟ್ಟುಹೋಗದಂತೆ ಮಾಡಿರುತ್ತಾರೆ. ಸ್ಟೇನ್‌ಲೆಸ್ ಸ್ಟೀಲ್ 304ರ ನಿಪ್ಪಲ್ಲೂ ಸಿಗುತ್ತದೆ. ಸಿಹಿ ನೀರಿಗೆ ಅದು ಒಳ್ಳೆಯದು. ಕ್ಲೋರೈಡ್ ಜಾಸ್ತಿಯಿದ್ದು ನೀರು ಬಿಸಿಯಿದ್ದರೆ ಅದರಲ್ಲೂ ಸೂಜಿತೂತು ಬೀಳುತ್ತದೆ. ಹಿತ್ತಿಲು, ದನದ ಕೊಟ್ಟಿಗೆ, ಬೋರಿನ ಲೈನು, ಟ್ಯಾಂಕಿನ ಹತ್ತಿರದ ನಳಕ್ಕೆ ಲೋಹದ ಹಂಬಲ ಬಿಟ್ಟು ಪಿಟಿಎಂಟಿ ಪ್ಲಾಸ್ಟಿಕ್ ನಳ ಹಾಕಿ. ಕೊಟ್ಟಿಗೆಯ ಅಮೋನಿಯಾಕ್ಕೂ ಸವಳಿಗೂ ಅದು ಜಗ್ಗುವುದಿಲ್ಲ.

ಸೀಸದ ಮಾತು ಬಂದಿದ್ದರಿಂದ ಒಂದು ಎಚ್ಚರಿಕೆ. ರಾತ್ರಿಯಿಡೀ ಹಿತ್ತಾಳೆಯೊಳಗೆ ನಿಂತ ನೀರಿಗೆ ಸೀಸ ಒಂದಿಷ್ಟು ಇಳಿಯಬಹುದು, ಹೊಸ ನಳದಲ್ಲಿ ಹೆಚ್ಚು. ಐಎಸ್ 10500ರ ಮಿತಿ ಲೀಟರಿಗೆ ಬರೀ 0.01 ಮಿಲಿಗ್ರಾಂ. ಬೆಳಿಗ್ಗೆಯ ಮೊದಲ ಅರ್ಧ ನಿಮಿಷದ ನೀರನ್ನು ಬಕೆಟಿಗೆ ಹಿಡಿದು ನೆಲ ಒರೆಸಲು ಬಳಸಿ, ಕುಡಿಯಲು, ಅಡುಗೆಗೆ ಆಮೇಲಿನದು ಹಿಡಿಯಿರಿ.

ಮುರಿದ ನಿಪ್ಪಲ್ ತೆಗೆದು ಹೊಸದು ಕೂರಿಸುವುದು

ಬೇಕಾದದ್ದು: ಅರ್ಧ ಇಂಚಿನ ನಿಪ್ಪಲ್, 12 ಮಿ.ಮೀ. ಅಗಲದ ಟೆಫ್ಲಾನ್ ಟೇಪಿನ ಎರಡು ಸುರುಳಿ, ಎರಡು ಪಾನಾ, ಒಂದು ಹ್ಯಾಕ್ಸಾ ಬ್ಲೇಡು, ಚಪ್ಪಟೆ ಸ್ಕ್ರೂಡ್ರೈವರ್, ಹಳೆಯ ಹಲ್ಲುಜ್ಜುವ ಬ್ರಶ್ಶು. ಟ್ಯಾಂಕಿನ ವಾಲ್ವ್ ಬಂದ್ ಮಾಡಿ, ಆ ಲೈನಿನ ತಗ್ಗಿನ ನಳ ಬಿಟ್ಟು ಪೈಪ್ ಖಾಲಿ ಮಾಡಿ. ಗೀಸರಿಗೆ ಸೇರಿದ ಲೈನಾದರೆ ಮೊದಲು ಕರೆಂಟ್ ಬಂದ್.

ಈಗಿನ ಮನೆಗಳಲ್ಲಿ ಗೋಡೆಯೊಳಗೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು, ಅದರ ತುದಿಗೆ ಹಿತ್ತಾಳೆ ಥ್ರೆಡ್ ಕೂರಿಸಿದ ಎಲ್ಬೋ (ಮೂಲೆ ತಿರುವಿನ ಜೋಡಣೆ) ಇರುತ್ತದೆ. ಆ ಹಿತ್ತಾಳೆ ಬಳೆ ಪ್ಲಾಸ್ಟಿಕ್ಕಿನೊಳಗೆ ಅಚ್ಚಾಗಿ ಕೂತದ್ದು. ಸಿಕ್ಕಿಕೊಂಡ ನಿಪ್ಪಲ್ಲಿಗೆ ಜೋರು ಮಾಡಿದರೆ ನಿಪ್ಪಲ್ಲಿನ ಬದಲು ಬಳೆಯೇ ತಿರುಗಿ ಎಲ್ಬೋ ಹಾಳಾಗುತ್ತದೆ, ಆಗ ಟೈಲ್ಸ್ ಒಡೆಯಲೇಬೇಕು. ಬೆಂಕಿ ತೋರಿಸುವುದು ಇನ್ನೂ ಕೆಟ್ಟದ್ದು, ಸಿಪಿವಿಸಿ ಮೆತ್ತಗಾಗುತ್ತದೆ.

ಒಳಗೆ ಉಳಿದ ತುಂಡು ಗಟ್ಟಿಯಿದ್ದರೆ ಚೌಕ ಮೊನೆಯ ಎಕ್ಸ್‌ಟ್ರ್ಯಾಕ್ಟರ್ ಒಳಗೆ ಬಡಿದು ಎಡಕ್ಕೆ ತಿರುಗಿಸಿದರೆ ಬರುತ್ತದೆ. ಕೆಂಪಾಗಿ ಕೊಳೆತಿದ್ದರೆ ಅದು ಒಳಗೇ ಪುಡಿಯಾಗುತ್ತದೆ, ಬ್ಲೇಡೇ ಗತಿ. ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ತುಂಡಿನ ಒಳಗೋಡೆಯಲ್ಲಿ ಉದ್ದಕ್ಕೆ ಒಂದು ಗೀರು, ಒಂದು ಸೆಂಟಿಮೀಟರ್ ದೂರದಲ್ಲಿ ಇನ್ನೊಂದು ಗೀರು ಹಾಕಿ. ಪ್ರತಿ ಹತ್ತು ಎಳೆತಕ್ಕೆ ನಿಲ್ಲಿಸಿ ಟಾರ್ಚ್ ಹಿಡಿದು ನೋಡಿ. ಎಲ್ಬೋದ ಥ್ರೆಡ್ಡಿನ ತುದಿ ಗೀರಿನಲ್ಲಿ ಮಿಂಚಿದ ಕೂಡಲೇ ಬಿಡಿ. ಎರಡು ಗೀರಿನ ನಡುವಿನ ಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಒಳಮುಖವಾಗಿ ಮಡಚಿದರೆ ಉಳಿದದ್ದು ಸಡಿಲಾಗಿ ಬರುತ್ತದೆ. ಚೂರುಗಳು ಪೈಪಿನೊಳಗೆ ಬೀಳದಂತೆ ಮೊದಲೇ ಒದ್ದೆ ಬಟ್ಟೆಯ ಬಿರಡೆ ತುರುಕಿಡಿ, ತೆಗೆಯುವುದನ್ನು ಮರೆಯಬೇಡಿ. ಆಮೇಲೆ ಬ್ರಶ್ಶಿನಿಂದ ಥ್ರೆಡ್ ಉಜ್ಜಿ, ವಾಲ್ವನ್ನು ಎರಡು ಸೆಕೆಂಡ್ ಬಿಟ್ಟು ನೀರಿನಿಂದ ತೊಳೆಯಿರಿ.

ಹೊಸ ನಿಪ್ಪಲ್ಲನ್ನು ಟೇಪಿಲ್ಲದೆ ಕೈಯಿಂದ ತಿರುಗಿಸಿ ನೋಡಿ. ನಾಲ್ಕೈದು ಸುತ್ತು ಸಲೀಸಾಗಿ ಹೋಗಬೇಕು. ಒಂದೇ ಸುತ್ತಿಗೆ ಗಟ್ಟಿಯಾದರೆ ಥ್ರೆಡ್ ಅಡ್ಡ ಸಿಕ್ಕಿದೆ. ಕ್ರೋಮ್ ಹಾಕಿದ ಥ್ರೆಡ್ ನುಣುಪಾಗಿದ್ದರೆ ಟೇಪು ಜಾರಿ ಮುದ್ದೆಯಾಗುತ್ತದೆ, ಬ್ಲೇಡಿನಿಂದ ಥ್ರೆಡ್ಡಿನ ಮೇಲೆ ಹಗುರಾಗಿ ಅಡ್ಡ ಗೀಚಿ. ಥ್ರೆಡ್ಡಿನ ತುದಿಯನ್ನು ನಿಮ್ಮ ಮುಖಕ್ಕೆ ಹಿಡಿದು, ಮೊದಲ ಹಲ್ಲು ಬಿಟ್ಟು, ಗಡಿಯಾರದ ಮುಳ್ಳಿನ ದಿಕ್ಕಿಗೆ ಟೇಪನ್ನು ಎಳೆದು ಸುತ್ತಿ. ಪೇಟೆಯ ತೆಳು ಟೇಪಾದರೆ ಹತ್ತರಿಂದ ಹನ್ನೆರಡು ಸುತ್ತು. ತಿರುವುಮುರುವು ಸುತ್ತಿದರೆ ತಿರುಗಿಸುವಾಗ ಟೇಪು ಬಿಚ್ಚಿಕೊಂಡು ಹೊರಬರುತ್ತದೆ. ಸಣಬು ಸುತ್ತಿ ಸಫೇದಾ ಎಂಬ ಎಣ್ಣೆಯ ಬಿಳಿ ಪೇಸ್ಟು ಹಚ್ಚುವುದು ಜಿಐ ಕಾಲದ್ದು. ಎಣ್ಣೆಯ ಪೇಸ್ಟು ಸಿಪಿವಿಸಿಯನ್ನು ಬಿರುಕು ಬಿಡಿಸಬಲ್ಲದು, ಸಣಬು ಹೆಚ್ಚಾದರೆ ಹಿತ್ತಾಳೆ ಬಳೆಯೂ ಸೀಳುತ್ತದೆ.

ಕೈಯಿಂದ ಹೋಗುವಷ್ಟು ತಿರುಗಿಸಿ, ಪಾನಾದಿಂದ ಒಂದರಿಂದ ಒಂದೂವರೆ ಸುತ್ತು. ಕಾಕಿನ ಬಾಯಿ ಸೊಟ್ಟಗೆ ನಿಂತಿತೆಂದು ಹಿಂದಕ್ಕೆ ತಿರುಗಿಸಬೇಡಿ. ಟೇಪಿನ ಹಿಡಿತ ಹಿಂದೆ ಬಂದರೆ ಸಡಿಲಾಗುತ್ತದೆ. ಪೂರ್ತಿ ಬಿಚ್ಚಿ, ಹಳೆ ಟೇಪು ಕಿತ್ತು, ಒಂದೆರಡು ಸುತ್ತು ಹೆಚ್ಚುಕಮ್ಮಿ ಮಾಡಿ ಮತ್ತೆ ಕೂರಿಸಿ. ಕಾಕ್ ತಿರುಗಿಸುವಾಗ ಎರಡನೇ ಪಾನಾದಿಂದ ನಿಪ್ಪಲ್ಲನ್ನು ಹಿಡಿದಿರಬೇಕು, ಇಲ್ಲವಾದರೆ ನಿಪ್ಪಲ್ಲೂ ಜೊತೆಗೆ ಒಳಗೆ ಹೋಗಿ ಬಳೆಯ ಮೇಲೆ ಭಾರ ಬೀಳುತ್ತದೆ.

ವಾಲ್ವನ್ನು ಮೆಲ್ಲಗೆ ಬಿಡಿ, ಗಾಳಿ ಹೋಗಲಿ. ಗೋಡೆಯ ಸಂದಿಗೆ ಬಿಳಿ ಸಿಮೆಂಟು ತುಂಬಿ, ಮೇಲೆ ಸ್ಟೀಲಿನ ಬಟ್ಟಲು ಮುಚ್ಚಿ ಕೆಲಸ ಮುಗಿಸುವ ಆತುರ ಪ್ಲಂಬರಿಗೆ ಇರುತ್ತದೆ. ಅವತ್ತು ಬೇಡ ಎನ್ನಿ. ಪತ್ರಿಕೆ ಕಾಗದವನ್ನು ಸುರುಳಿ ಮಾಡಿ ನಿಪ್ಪಲ್ಲಿನ ಸುತ್ತ ಸಂದಿಗೆ ತುರುಕಿ, ಪಂಪಿದ್ದರೆ ಪಂಪು ಚಾಲು ಇಟ್ಟು ರಾತ್ರಿ ಕಳೆಯಿರಿ. ಬೆಳಿಗ್ಗೆ ಕಾಗದ ತೆಗೆದು ಬಿಡಿಸಿ ನೋಡಿ. ತುದಿಯವರೆಗೂ ಗರಿಗರಿ ಒಣಗಿದ್ದರೆ ಸಿಮೆಂಟು ಕಲಸಬಹುದು.